ನೋವಿಲ್ಲದ ಗಂಟಿಗೆ ಯಾರು ಹೊಣೆ?

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟ ಚಿಗರಿ ಬಸ್ಸು ಕಿಮ್ಸ್ ಬಿಟ್ಟು, ಉಣಕಲ್ ಕೆರೆ ದಾಟಿ ಬೈರಿದೇವರಕೊಪ್ಪಕ್ಕೆ ಬರುತ್ತದೆ. ಮುಂದೆ ಎಪಿಎಂಸಿ, ನವನಗರ, ಇನ್ನೂ ಮುಂದೆ ಹಾಲಿನ ಡೇರಿ. 1957ರಲ್ಲಿ ಶುರುವಾದ ವೈದ್ಯಕೀಯ ಕಾಲೇಜಿನ ದೊಡ್ಡಾಸ್ಪತ್ರೆ ಕಿಮ್ಸ್ ಬೈರಿದೇವರಕೊಪ್ಪದ ಒಂದು ಮಗ್ಗುಲಿಗೆ ಇದೆ. ಇನ್ನೊಂದು ಮಗ್ಗುಲಿಗೆ ನವನಗರದ ಕ್ಯಾನ್ಸರ್ ಆಸ್ಪತ್ರೆ. ಅದರಾಚೆ ಜಿಲ್ಲೆಯ ಹಳ್ಳಿಗಳ ಹಾಲು ಬಂದು ಸೇರುವ ಜಾಗ. ಹಳ್ಳಿಯಾಗಿದ್ದು ಈಗ ಮಹಾನಗರ ಪಾಲಿಕೆಯೊಳಗೆ ಸೇರಿಹೋದ ಬೈರಿದೇವರಕೊಪ್ಪದಲ್ಲಿ ‘ಆಸ್ಪತ್ರೆ ದೂರ’ ಎಂದು ಯಾರೂ ಹೇಳುವಂತಿಲ್ಲ.

ಆಸ್ಪತ್ರೆ ಹತ್ತಿರ ಬಂದರೂ ಒಂದು ಮಾತು ಮಾತ್ರ ಇಲ್ಲಿಂದ ಕದಲಿಲ್ಲ. ‘ನೋವಿಲ್ಲಲ್ಲ, ಏನಾಗೂದಿಲ್ಲ ಬಿಡು.’ ಹೆಂಗಸು ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು ಅಂದರೆ ಅತ್ತೆ ಹೇಳುವುದು ಈ ಮಾತು. ಎಮ್ಮೆಯ ಒಂದು ಮೊಲೆಯಲ್ಲಿ ಹಾಲು ಇಳಿದಿದೆ ಅಂದರೆ ಮನೆಯ ಯಜಮಾನ ಹೇಳುವುದೂ ಈ ಮಾತು. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಎಲ್ಲಿ ಹೋದರೂ ಇದನ್ನು ಅನುಭವಸ್ಥರ ಬುದ್ಧಿಮಾತು ಎಂದೇ ಜನ ಒಪ್ಪಿಕೊಂಡಿದ್ದಾರೆ. ಇದು ಬುದ್ಧಿಮಾತಲ್ಲ, ಜೀವ ತೆಗೆಯುವ ಸುಳ್ಳು.

ಸ್ತನದ ಒಳರಚನೆ ನೋಡಿದರೆ ಇದು ಯಾಕೆ ಸುಳ್ಳೆಂದು ತಿಳಿಯುತ್ತದೆ. ಹಾಲು ತಯಾರಿಸುವ ಗ್ರಂಥಿಗಳು ಒಂದೊಂದು ಸ್ತನದಲ್ಲಿ ಸುಮಾರು 15ರಿಂದ 20 ಭಾಗಗಳಾಗಿ ಹರಡಿರುತ್ತವೆ. ಅವುಗಳಿಂದ ಹೊರಟ ನಾಳಗಳು ತೊಟ್ಟಿನ ಕಡೆ ಕೂಡುತ್ತವೆ. ಸ್ತನ ಕ್ಯಾನ್ಸರ್ ಬಹುಪಾಲು ಶುರುವಾಗುವುದು ಈ ನಾಳಗಳ ಒಳಪದರದಲ್ಲಿ. ಜೀವಕೋಶಗಳು ಹತೋಟಿ ತಪ್ಪಿ ವರ್ಷಗಟ್ಟಲೆ ಬೆಳೆದರೂ ಅದು ನರವನ್ನೋ ಚರ್ಮವನ್ನೋ ಎಲುಬನ್ನೋ ಮುಟ್ಟುವ ತನಕ ನೋವು ಬರದೇ ಇರಬಹುದು. ಸ್ತನದಲ್ಲಿ ನೋವು ತರುವವು ಹೆಚ್ಚಾಗಿ ಬೇರೆಯವೇ: ಮುಟ್ಟಿನ ಮುಂಚಿನ ಹಾರ್ಮೋನಿನ ಏರಿಳಿತ, ನೀರುಗುಳ್ಳೆ, ಹಾಲುಣಿಸುವಾಗ ಆಗುವ ಸೋಂಕು. ಗಟ್ಟಿಯಾಗಿ, ಅಂಚು ಒರಟಾಗಿ, ಒತ್ತಿದರೂ ನೋಯದೆ ಇರುವ ಗಂಟಿಗೇ ಡಾಕ್ಟರು ಹೆಚ್ಚು ಹೆದರುತ್ತಾರೆ. ಮನೆಯವರು ಹೆದರದೆ ಸುಮ್ಮನಿರುವುದೂ ಅದೇ ಗಂಟಿಗೆ.

ಈ ಸುಮ್ಮನಿರುವಿಕೆಯ ಬೆಲೆ ಎಷ್ಟು? ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ 1,92,020 ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98,337 ಮಂದಿ ಸತ್ತರು. ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟಿ ಬದುಕುತ್ತಾರೆ. ಭಾರತದಲ್ಲಿ 66 ಮಂದಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಔಷಧಿಗಳಲ್ಲಿ ಬಹಳಷ್ಟು ಇಲ್ಲಿಯೂ ಸಿಗುತ್ತವೆ. ದೊಡ್ಡ ವ್ಯತ್ಯಾಸ ಇರುವುದು ಹೆಂಗಸು ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿನಲ್ಲಿ. ಇಲ್ಲಿ ಅವಳು ಬರುವುದು ಗಂಟು ಹುಣ್ಣಾದ ಮೇಲೆ, ಕಂಕುಳಲ್ಲಿ ಇನ್ನೊಂದು ಗಂಟು ಎದ್ದ ಮೇಲೆ.

‘ಅದು ದೊಡ್ಡ ಮಂದಿ ರೋಗ, ಬೆಂಗಳೂರು ಮುಂಬೈಯವರಿಗೆ ಬರೋದು’ ಎಂಬ ಇನ್ನೊಂದು ಸಮಾಧಾನವೂ ಚಾಲ್ತಿಯಲ್ಲಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ಕ್ಯಾನ್ಸರ್ ನೋಂದಣಿ ಇಟ್ಟುಕೊಂಡು ಬಂದಿದೆ. ಆಗ ಹೆಂಗಸರಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಗರ್ಭಕೊರಳಿನ ಕ್ಯಾನ್ಸರ್. ಈಗ ಆ ಸ್ಥಾನಕ್ಕೆ ಸ್ತನ ಕ್ಯಾನ್ಸರ್ ಬಂದಿದೆ. ಮಕ್ಕಳು ಕಡಿಮೆಯಾದದ್ದು, ಮೊದಲ ಹೆರಿಗೆ ತಡವಾದದ್ದು, ಹಾಲುಣಿಸುವ ತಿಂಗಳು ಇಳಿದದ್ದು, ಮೈಗೆ ಬೊಜ್ಜು ಬಂದದ್ದು ಎಲ್ಲವೂ ಇದರ ಹಿಂದಿವೆ. ನಿನ್ನೆಯ ಹಳ್ಳಿ ಇಂದಿನ ಬಡಾವಣೆಯಾಗಿರುವ ಬೈರಿದೇವರಕೊಪ್ಪದಂಥ ಊರುಗಳಲ್ಲಿ ಇವುಗಳಲ್ಲಿ ಯಾವುದು ಬದಲಾಗಿಲ್ಲ? ಅದೂ ಅಲ್ಲದೆ ಪಶ್ಚಿಮದ ದೇಶಗಳಿಗೆ ಹೋಲಿಸಿದರೆ ನಮ್ಮ ಹೆಂಗಸರಿಗೆ ಈ ರೋಗ ಸುಮಾರು ಹತ್ತು ವರ್ಷ ಮುಂಚೆ ಬರುತ್ತದೆ. ‘ಇನ್ನೂ ನಲವತ್ತೂ ಆಗಿಲ್ಲ, ಈಗಲೇ ಏನು ಕ್ಯಾನ್ಸರು’ ಎಂದು ಸಾಗಹಾಕುವ ಡಾಕ್ಟರೂ ಈ ಸಾವುಗಳಲ್ಲಿ ಪಾಲುದಾರ.

ಇನ್ನು ದನದ ಕೊಟ್ಟಿಗೆಗೆ ಬರೋಣ. ಎಮ್ಮೆ, ಆಕಳುಗಳ ಕೆಚ್ಚಲಿನಲ್ಲಿ ನಾಲ್ಕು ಭಾಗಗಳು. ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಒಂದೊಂದಕ್ಕೆ ಒಂದೊಂದು ಮೊಲೆ. ಒಂದು ಲೀಟರ್ ಹಾಲಾಗಬೇಕಾದರೆ ಸುಮಾರು 400ರಿಂದ 500 ಲೀಟರ್ ರಕ್ತ ಆ ಕೆಚ್ಚಲಿನ ಮೂಲಕ ಹರಿಯಬೇಕು. ಇಷ್ಟು ದುಡಿಯುವ ಅಂಗಕ್ಕೆ ಸೋಂಕು ತಗಲಿದರೆ ಅದರ ಹೆಸರು ಕೆಚ್ಚಲು ಬಾವು. ಕೆಚ್ಚಲು ಕೆಂಪಾಗಿ, ಬಿಸಿಯಾಗಿ, ಹಾಲಿನಲ್ಲಿ ಗಡ್ಡೆ ಬಂದಾಗ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕೊಟ್ಟಿಗೆಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುವುದು ಸುಪ್ತ ಕೆಚ್ಚಲು ಬಾವು. ಅದರಲ್ಲಿ ಊತವಿಲ್ಲ, ನೋವಿಲ್ಲ, ಜ್ವರವಿಲ್ಲ. ಹಾಲು ಬೆಳ್ಳಗೇ ಇರುತ್ತದೆ. ದಿನಕ್ಕೆ ಅರ್ಧ ಲೀಟರು, ಒಂದು ಲೀಟರು ಎಂದು ಇಳಿಯುತ್ತ ಹೋಗಿ ಕೊನೆಗೆ ಒಂದು ಮೊಲೆ ಬತ್ತುತ್ತದೆ. ಆಗ ಮನೆಯಲ್ಲಿ ಕೇಳುವ ಮಾತು ‘ಎಮ್ಮಿಗೆ ನೆದರು ಆಗೈತಿ.’ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕುತ್ತಾರೆ. ಬ್ಯಾಕ್ಟೀರಿಯಾ ಒಳಗೆ ತನ್ನ ಕೆಲಸ ಮುಂದುವರಿಸುತ್ತದೆ.

ಇದನ್ನು ಹಿಡಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ತೊಳೆಯುವ ಪುಡಿ ಕದಡಿಕೊಂಡರೆ ಸಾಕು. ನಾಲ್ಕು ಸಣ್ಣ ಬಟ್ಟಲುಗಳಿಗೆ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಹಿಂಡಿಕೊಂಡು, ಹಾಲಿನಷ್ಟೇ ಸೋಪಿನ ನೀರನ್ನು ಒಂದೊಂದಕ್ಕೂ ಹಾಕಿ ಮೆಲ್ಲಗೆ ತಿರುಗಿಸಬೇಕು. ಆರೋಗ್ಯದ ಹಾಲು ತಿಳಿಯಾಗಿ ಸುತ್ತುತ್ತದೆ. ಸೋಂಕಿನ ಹಾಲು ಒಂದು ನಿಮಿಷದೊಳಗೆ ಲೋಳೆಯಾಗಿ, ಬಟ್ಟಲು ಓರೆ ಮಾಡಿದರೆ ಮುದ್ದೆಯಾಗಿ ಜಾರುತ್ತದೆ. ಸೋಂಕಿನ ವಿರುದ್ಧ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಸೋಪು ಒಡೆಯುತ್ತದೆ. ಅವುಗಳೊಳಗಿನ ಡಿಎನ್‌ಎ ಹೊರಬಿದ್ದು ಹೀಗೆ ಗಟ್ಟಿಯಾಗುತ್ತದೆ. ಈದ ಹೊಸದರಲ್ಲಿ, ಹಾಲು ಬತ್ತುವ ಕಾಲದಲ್ಲಿ ಇದು ತಪ್ಪು ತೋರಿಸಬಹುದು. ಉಳಿದ ದಿನಗಳಲ್ಲಿ ನಂಬಬಹುದು. ಜಗತ್ತಿನ ಪಶುವೈದ್ಯರು 1957ರಿಂದ ಬಳಸುತ್ತಿರುವ ಕ್ಯಾಲಿಫೋರ್ನಿಯಾ ಪರೀಕ್ಷೆಯ ತತ್ವವೂ ಇದೇ.

ಕೆಲವೇ ಪೈಸೆಯ ಈ ಪರೀಕ್ಷೆ ಎಷ್ಟು ಕೊಟ್ಟಿಗೆಗಳಲ್ಲಿ ನಡೆಯುತ್ತದೆ? ಹಾಲಿನ ಸಂಘದಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡನ್ನೂ ದಶಾಂಶದ ತನಕ ಅಳೆದು ದರ ಕಟ್ಟುತ್ತಾರೆ. ಯುರೋಪಿನ ಒಕ್ಕೂಟದಲ್ಲಿ ಒಂದು ಮಿಲಿಲೀಟರ್ ಆಕಳ ಹಾಲಿನಲ್ಲಿ ನಾಲ್ಕು ಲಕ್ಷಕ್ಕಿಂತ ಹೆಚ್ಚು ಜೀವಕೋಶ ಇರಬಾರದೆಂಬ ಮಿತಿ ಇದೆ. ನಮ್ಮ ರೈತನ ಚೀಟಿಯಲ್ಲಿ ಕೆಚ್ಚಲಿನ ಆರೋಗ್ಯದ ಒಂದು ಅಂಕಿಯೂ ಬರುವುದಿಲ್ಲ. ಹಾಲಿನ ಲೆಕ್ಕ ಇದೆ, ಹಾಲು ಕೊಡುವ ಅಂಗದ ಲೆಕ್ಕ ಇಲ್ಲ. ಧಾರವಾಡಿ ಎಮ್ಮೆಗೆ 2021ರಲ್ಲಿ ದೇಶದ ಅಧಿಕೃತ ತಳಿ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅದರ ಹಾಲಿನಿಂದಲೇ ಧಾರವಾಡ ಫೇಡೆಗೆ ಆ ರುಚಿ ಎಂದು ಎಲ್ಲರೂ ಹೆಮ್ಮೆಪಟ್ಟರು. ಆ ಎಮ್ಮೆಯ ಕೆಚ್ಚಲನ್ನು ಕಾಪಾಡಲು ಆ ಹೆಮ್ಮೆ ಏನು ಮಾಡಿದೆ?

ಬಾವು ಕಣ್ಣಿಗೆ ಕಂಡ ಮೇಲಿನ ಕತೆ ಇನ್ನೂ ಕೆಟ್ಟದ್ದು. ಪಶುವೈದ್ಯರನ್ನು ಕರೆಯುವ ಮುಂಚೆಯೇ ಮೆಡಿಕಲ್ ಅಂಗಡಿಯಿಂದ ಮೊಲೆಗೆ ಏರಿಸುವ ಟ್ಯೂಬು ಬರುತ್ತದೆ. ಯಾವ ಬ್ಯಾಕ್ಟೀರಿಯಾ ಎಂದು ನೋಡುವವರಿಲ್ಲ. ಎರಡು ದಿನಕ್ಕೆ ಊತ ಇಳಿದರೆ, ‘ನೋವು ಹೋತು’ ಎಂದು ಔಷಧಿ ಅಲ್ಲಿಗೇ ನಿಲ್ಲುತ್ತದೆ. ಟ್ಯೂಬಿನ ಮೇಲೆ ಇಷ್ಟು ದಿನ ಹಾಲು ಮಾರಬಾರದು ಎಂದು ಬರೆದಿರುತ್ತದೆ. ಅದನ್ನು ಓದಿ ಹೇಳುವವರಿಲ್ಲ. ಆ ಹಾಲು ಕ್ಯಾನಿಗೆ ಬೀಳುತ್ತದೆ, ಅಲ್ಲಿಂದ ಚಹಾಕ್ಕೆ, ಫೇಡೆಗೆ, ಕೂಸಿನ ಬಾಟಲಿಗೆ. ಕುದಿಸಿದರೂ ಆಂಟಿಬಯಾಟಿಕ್ ಪೂರ್ತಿ ಹೋಗುವುದಿಲ್ಲ. ಅರೆಬರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕೊಟ್ಟಿಗೆಯಲ್ಲಿ ಬೆಳೆದು ಮನುಷ್ಯರ ಆಸ್ಪತ್ರೆಗೂ ಬರುತ್ತದೆ. ಎಮ್ಮೆಯ ಕೆಚ್ಚಲು ಆ ಮನೆಯವರ ಸ್ವಂತ ವಿಚಾರ ಎನ್ನುವವರು ಇದಕ್ಕೆ ಏನು ಉತ್ತರ ಕೊಡುತ್ತಾರೆ?

ತಡೆಯುವ ದಾರಿಗಳು ಸರಳ. ಹೆಬ್ಬೆರಳು ಮಡಚಿ ಹಿಂಡುವ ರೂಢಿ ಮೊಲೆಯ ಒಳಚರ್ಮವನ್ನು ಕೆಡಿಸುತ್ತದೆ. ಮುಷ್ಟಿ ತುಂಬ ಹಿಡಿದು ಹಿಂಡಬೇಕು. ಹಿಂಡಿದ ಮೇಲೆ ಮೊಲೆಯ ತುದಿಯ ರಂಧ್ರ ಮುಚ್ಚಲು ಅರ್ಧ ತಾಸಿನಿಂದ ಒಂದು ತಾಸು ಬೇಕು. ಆ ಹೊತ್ತಿನಲ್ಲಿ ಎಮ್ಮೆ ಸಗಣಿ ಮೇಲೆ ಮಲಗಿದರೆ ಸೋಂಕು ಒಳಗೆ ಹೋಗುತ್ತದೆ. ಆಗ ಮುಂದೆ ಮೇವು ಹಾಕಿದರೆ ಅದು ನಿಂತೇ ಇರುತ್ತದೆ. ಮೊಲೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿದರೆ ಇನ್ನೂ ಒಳ್ಳೆಯದು. ಹೊತ್ತು ಮೂಡುವ ಮುಂಚೆ ಎದ್ದು ಹಿಂಡುವ ಹೆಂಗಸರ ಕೈಗೆ ಇದನ್ನು ಕಲಿಸಿದವರು ಯಾರು? ತರಬೇತಿಗೆ ಕರೆಯುವುದು ಹೆಚ್ಚಾಗಿ ಗಂಡಸರನ್ನು. ಕೆಚ್ಚಲಿಗೆ ಕೈ ಹಾಕುವವರು ಹೆಂಗಸರು.

ಅದೇ ಹೆಂಗಸಿನ ಮೈಯ ವಿಚಾರಕ್ಕೆ ಬಂದರೆ ಮನೆಯ ನಡವಳಿಕೆ ಇನ್ನೂ ಕಠೋರ. ಎಮ್ಮೆ ಈದಾಗ ಗಿಣ್ಣದ ಹಾಲನ್ನು ಓಣಿಗೆಲ್ಲ ಹಂಚುವ ಮನೆಗಳಲ್ಲೇ ಬಾಣಂತಿಯ ಮೊದಲ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲಿಸಿದ ರೂಢಿ ಇತ್ತು. ಅದು ಪೂರ್ತಿ ಹೋಗಿಲ್ಲ. ಕೂಸಿಗೆ ಮೊದಲ ರೋಗನಿರೋಧಕ ಶಕ್ತಿ ಕೊಡುವುದೇ ಆ ಹಾಲು. ಹಾಲುಣಿಸುವ ತಾಯಿಗೆ ಎದೆ ಬಾತು ಜ್ವರ ಬಂದರೆ ‘ಹಾಲು ಕೆಟ್ಟೈತಿ, ಕೂಸಿಗೆ ಕೊಡಬ್ಯಾಡ’ ಎನ್ನುತ್ತಾರೆ. ಬಾವು ಬಂದಾಗ ಹಾಲುಣಿಸುವುದನ್ನು ಥಟ್ಟನೆ ನಿಲ್ಲಿಸಿದರೆ ಹಾಲು ಕಟ್ಟಿ ಕೀವಾಗುವ ಅಪಾಯ ಹೆಚ್ಚುತ್ತದೆ. ಡಾಕ್ಟರಿಗೆ ತೋರಿಸಿ, ಔಷಧಿ ತೆಗೆದುಕೊಂಡು ಹಾಲುಣಿಸುವುದನ್ನು ಮುಂದುವರಿಸಬೇಕು. ಇನ್ನೊಂದು ಅಪಾಯವೂ ಇಲ್ಲಿದೆ. ಬಾಣಂತಿಯ ಎದೆಯಲ್ಲಿ ಯಾವ ಗಂಟು ಬಂದರೂ ಅದು ‘ಹಾಲಿನ ಗಂಟು’. ಎರಡು ವಾರವಾದರೂ ಕರಗದ ಗಂಟಿಗೆ, ಔಷಧಿಗೆ ಇಳಿಯದ ಕೆಂಪು ಊತಕ್ಕೆ ಸ್ಕ್ಯಾನ್ ಆಗಲೇಬೇಕು. ಕ್ಯಾನ್ಸರಿನ ಒಂದು ಬಗೆ ಬಾವಿನ ರೂಪದಲ್ಲೇ ಬರುತ್ತದೆ.

ಗಂಟು ಸಿಕ್ಕ ಮೇಲೆ ಎಷ್ಟು ಅಪ್ಪಣೆಗಳನ್ನು ದಾಟಬೇಕು! ಮೊದಲು ಗಂಡನಿಗೆ ಹೇಳುವ ನಾಚಿಕೆ. ಆಮೇಲೆ ಅತ್ತೆಯ ಅರಿಶಿನ-ಸುಣ್ಣದ ಪಟ್ಟು. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವುದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಎಮ್ಮೆ, ಆಕಳ ಕೆಚ್ಚಲು ಬಾವಿಗೆ ಹೇಳಿಕೊಡುತ್ತದೆ. ಆದರೆ ಹೆಂಗಸಿನ ಕ್ಯಾನ್ಸರ್ ಗಂಟನ್ನು ಕರಗಿಸುವ ಪಟ್ಟು ಈ ಭೂಮಿ ಮೇಲೆ ಇಲ್ಲ. ಪಟ್ಟು ಹಾಕಿದ ಒಂದೊಂದು ತಿಂಗಳೂ ಅವಳ ಆಯುಷ್ಯದಿಂದ ಕಳೆಯುತ್ತದೆ. ಅಷ್ಟರೊಳಗೆ ಸುಗ್ಗಿ, ಮಗಳ ಪರೀಕ್ಷೆ, ಮೈದುನನ ಮದುವೆ ಬಂದಿರುತ್ತದೆ. ಕೊನೆಗೆ ಆಸ್ಪತ್ರೆಗೆ ಹೋದರೆ ‘ಸೂಜಿ ಚುಚ್ಚಿಸಬ್ಯಾಡ, ಹರಡತೈತಿ’ ಎನ್ನುವ ನೆಂಟರು ಸಿಗುತ್ತಾರೆ. ಇದು ಹಸಿ ಸುಳ್ಳು. ಸೂಜಿಯಿಂದ ಚೂರು ತೆಗೆದು ನೋಡದೆ ಯಾವ ಗಂಟು, ಯಾವ ಔಷಧಿ ಎಂದು ಹೇಳಲು ಬರುವುದಿಲ್ಲ. ‘ಎದಿನ ಕೊಯ್ದು ತಗೀತಾರ’ ಎಂಬ ಹೆದರಿಕೆಯೂ ಹಳೆಯದು. ಬೇಗ ಬಂದವರಲ್ಲಿ ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟರೆ ಇಡೀ ಸ್ತನ ತೆಗೆದವರಷ್ಟೇ ಕಾಲ ಬದುಕುತ್ತಾರೆ ಎಂದು ಇಟಲಿ, ಅಮೆರಿಕಗಳ ಎರಡು ದೊಡ್ಡ ಅಧ್ಯಯನಗಳು ಇಪ್ಪತ್ತು ವರ್ಷ ನೋಡಿ 2002ರಲ್ಲಿ ಹೇಳಿವೆ. ಸ್ತನ ಉಳಿಯಬೇಕೆಂದು ತಡ ಮಾಡಿದವರೇ ಅದನ್ನು ಕಳೆದುಕೊಳ್ಳುತ್ತಾರೆ.

ಗಂಡಸರೂ ಇದನ್ನು ಹೆಂಗಸರ ವಿಚಾರ ಎಂದು ಎದ್ದು ಹೋಗುವಂತಿಲ್ಲ. ಸ್ತನ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಸುಮಾರು ಒಬ್ಬ ಗಂಡಸು. ಈ ಅಸಡ್ಡೆ ಮನುಷ್ಯರಿಗೆ, ಎಮ್ಮೆಗೆ ಮಾತ್ರವಲ್ಲ; ಮನೆಯ ಹೆಣ್ಣು ನಾಯಿಯ ಹೊಟ್ಟೆಯ ಕೆಳಗಿನ ಗಂಟನ್ನೂ ಹೀಗೇ ಬಿಡುತ್ತಾರೆ. ಸಂತಾನಹರಣ ಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಗಡ್ಡೆ ಇದೇ, ಮತ್ತು ಅವುಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್.

ಮನೆಯವರನ್ನಷ್ಟೇ ದೂರಿದರೆ ಸರಕಾರಕ್ಕೆ ಬಲು ಅನುಕೂಲ. 30 ವರ್ಷದಿಂದ 65 ವರ್ಷದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರಿಂದ ಸ್ತನ ಪರೀಕ್ಷೆ ಆಗಬೇಕೆಂದು ಕೇಂದ್ರ ಸರಕಾರ 2016ರಲ್ಲೇ ಮಾರ್ಗಸೂಚಿ ಕೊಟ್ಟಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಆದವರು ನೂರಕ್ಕೆ 0.9. ಅಂದರೆ ನೂರು ಹೆಂಗಸರಲ್ಲಿ ಒಬ್ಬಳೂ ಪೂರ್ತಿ ಇಲ್ಲ. ಅಕ್ಟೋಬರ್ ಬಂದರೆ ಗುಲಾಬಿ ರಿಬ್ಬನ್ನು, ಗುಲಾಬಿ ದೀಪ, ನಡಿಗೆ, ಭಾಷಣ. ಆ ನಡಿಗೆಗೆ ಬಂದ ಹೆಂಗಸರಲ್ಲಿ ಎಷ್ಟು ಮಂದಿಯ ಪರೀಕ್ಷೆ ಅದೇ ದಿನ ಆಯಿತು ಎಂದು ಯಾರಾದರೂ ಲೆಕ್ಕ ಕೊಟ್ಟಿದ್ದಾರೆಯೇ?

‘ಮ್ಯಾಮೋಗ್ರಾಂ ಯಂತ್ರ ಎಲ್ಲ ಕಡೆ ಇಡಲು ಆಗುವುದಿಲ್ಲ’ ಎಂಬುದು ಇಲಾಖೆಯ ಸಿದ್ಧ ಉತ್ತರ. ಯಂತ್ರ ಯಾರು ಕೇಳಿದರು? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಅಧ್ಯಯನ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರದು. ಅವರಲ್ಲಿ ಅರ್ಧದಷ್ಟು ಮಂದಿಯ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಪರೀಕ್ಷಿಸಿದರು. 2021ರಲ್ಲಿ ಫಲ ಪ್ರಕಟವಾಯಿತು. ಪರೀಕ್ಷೆ ಆದವರಲ್ಲಿ ರೋಗ ಮೂರನೆಯ, ನಾಲ್ಕನೆಯ ಹಂತಕ್ಕೆ ಹೋದ ಮೇಲೆ ಗೊತ್ತಾದದ್ದು ನೂರಕ್ಕೆ 37 ಮಂದಿಗೆ, ಪರೀಕ್ಷೆ ಆಗದವರಲ್ಲಿ 47 ಮಂದಿಗೆ. ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. ಮೂರು ಬೆರಳುಗಳ ಚಪ್ಪಟೆ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕುತ್ತ, ಒಮ್ಮೆ ಮೆಲ್ಲಗೆ, ಒಮ್ಮೆ ಒತ್ತಿ, ಕೊರಳೆಲುಬಿನಿಂದ ಸ್ತನದ ಕೆಳಗಿನ ಮಡಿಕೆಯ ತನಕ, ಆಮೇಲೆ ಕಂಕುಳ ತನಕ ನೋಡುವುದು. ತೊಟ್ಟು ಒಳಕ್ಕೆ ಸರಿದಿದೆಯೇ, ಚರ್ಮ ಕಿತ್ತಳೆ ಸಿಪ್ಪೆಯಂತಾಗಿದೆಯೇ, ರಕ್ತ ಸೋರುತ್ತದೆಯೇ ಎಂದು ಕೇಳುವುದು. ಒಂದು ಪರದೆ, ಒಂದು ಮಂಚ, ಒಬ್ಬ ನರ್ಸಮ್ಮ, ಹತ್ತು ನಿಮಿಷ. ಬೈರಿದೇವರಕೊಪ್ಪದಲ್ಲಿ ಇದಕ್ಕೆ ಯಾವ ಅಡ್ಡಿ ಇದೆ?

ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬಿಕೊಂಡು ಹೋಗುವುದನ್ನು ‘ತಪಾಸಣೆ’ ಎಂದು ಬರೆದುಕೊಳ್ಳುವುದು ನಿಲ್ಲಬೇಕು. ಎದೆ ಮುಟ್ಟಿ ನೋಡದ ಪರೀಕ್ಷೆ ಪರೀಕ್ಷೆಯಲ್ಲ. ಗಂಟು ಸಿಕ್ಕ ಹೆಂಗಸಿನ ಕೈಗೆ ‘ದೊಡ್ಡಾಸ್ಪತ್ರೆಗೆ ಹೋಗಿ’ ಎಂಬ ಚೀಟಿ ಕೊಟ್ಟು ಕೈತೊಳೆದುಕೊಳ್ಳುವುದೂ ನಿಲ್ಲಬೇಕು. ಆಸ್ಪತ್ರೆಗೆ ಬಂದ 60 ದಿನದೊಳಗೆ ರೋಗ ಯಾವುದೆಂದು ಖಚಿತವಾಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿದೆ. ಕಿಮ್ಸೂ ನವನಗರವೂ ಒಂದೇ ಬಸ್ಸಿನ ದಾರಿಯಲ್ಲಿರುವ ಊರಿಗೆ 60 ದಿನ ಯಾಕೆ, 15 ದಿನ ಸಾಕು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಅದನ್ನು ಗಂಟು ಸಿಕ್ಕ ದಿನವೇ ಅವಳಿಗೆ ಹೇಳಬೇಕು. ಮನೆಯ ಸಾಲದ ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡವರು ಎಷ್ಟೋ ಜನ.

ಕೊಟ್ಟಿಗೆಯ ಕಡೆ, ಹಾಲಿನ ಸಂಘಗಳು ತಿಂಗಳಿಗೊಮ್ಮೆ ಪ್ರತಿ ಎಮ್ಮೆ, ಆಕಳಿನ ನಾಲ್ಕೂ ಮೊಲೆಗಳ ಹಾಲನ್ನು ಪರೀಕ್ಷಿಸಿ ಫಲವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಸೋಂಕು ಸಿಕ್ಕರೆ ದಂಡ ಬೇಡ. ದಂಡ ಹಾಕಿದರೆ ರೈತ ಮುಚ್ಚಿಡುತ್ತಾನೆ. ಕೆಚ್ಚಲು ಚೊಕ್ಕಟವಾಗಿರುವ ಹಾಲಿಗೆ ಲೀಟರಿಗೆ ಇಷ್ಟು ಎಂದು ಹೆಚ್ಚಿನ ದರ ಕೊಡಲಿ. ಪಶುವೈದ್ಯರ ಚೀಟಿ ಇಲ್ಲದೆ ಟ್ಯೂಬು ಮಾರುವ ಅಂಗಡಿಗಳ ಮೇಲೆ ಕ್ರಮ ಆಗಲಿ. ಔಷಧಿ ಕೊಟ್ಟ ದಿನಗಳ ಹಾಲನ್ನು ಚೆಲ್ಲಿದ ರೈತನ ನಷ್ಟವನ್ನು ಹಾಲು ಒಕ್ಕೂಟ ತುಂಬಿಕೊಡಲಿ. ಇಲ್ಲದಿದ್ದರೆ ಬಡವ ಯಾವತ್ತೂ ಆ ಹಾಲು ಚೆಲ್ಲುವುದಿಲ್ಲ.

ಇವೆರಡೂ ಕೆಲಸಕ್ಕೆ ಬೇರೆ ಬೇರೆ ಜಾಗ ಹುಡುಕಬೇಕಿಲ್ಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಹೆಂಗಸರು ಬರುವ ಜಾಗ ಹಾಲಿನ ಸಂಘ. ಬರೇ ಮಹಿಳೆಯರೇ ನಡೆಸುವ ಸಂಘಗಳೂ ರಾಜ್ಯದಲ್ಲಿ ಬೇಕಾದಷ್ಟಿವೆ. ಆಸ್ಪತ್ರೆಗೆ ಹೋಗಲು ಗಂಡನ ಅಪ್ಪಣೆ ಬೇಕಾಗಬಹುದು, ಸಂಘಕ್ಕೆ ಹಾಲು ಹಾಕಲು ಬೇಕಿಲ್ಲ. ಧಾರವಾಡ ಹಾಲು ಒಕ್ಕೂಟ, ಪಶುಪಾಲನಾ ಇಲಾಖೆ, ಜಿಲ್ಲಾ ಆರೋಗ್ಯ ಇಲಾಖೆ ಮೂರೂ ಕೂಡಿ ತಿಂಗಳಿಗೊಂದು ದಿನ ಗೊತ್ತುಮಾಡಲಿ. ಅವತ್ತು ಸಂಘದ ಹೊರಗೆ ಪಶುವೈದ್ಯರು ನಾಲ್ಕು ಬಟ್ಟಲಿನ ಪರೀಕ್ಷೆ ಮಾಡಲಿ. ಒಳಗೆ ಪರದೆ ಕಟ್ಟಿಕೊಂಡು ನರ್ಸಮ್ಮ ಕೂಡಲಿ. ಹಾಲು ಅಳೆದ ಮೇಲೆ ಮೂವತ್ತು ದಾಟಿದ ಪ್ರತಿ ಹೆಂಗಸನ್ನೂ ಹೆಸರು ಹಿಡಿದು ಒಳಗೆ ಕರೆಯಲಿ, ಬಾರದವರ ಮನೆಗೆ ಮರುದಿನ ಹೋಗಲಿ. ಗಂಟು ಸಿಕ್ಕವಳನ್ನು ಆಶಾ ಕಾರ್ಯಕರ್ತೆ ತಾನೇ ಜೊತೆಗೆ ನಿಂತು ಚಿಗರಿ ಬಸ್ಸು ಹತ್ತಿಸಿ ನವನಗರಕ್ಕೆ ಕರೆದುಕೊಂಡು ಹೋಗಲಿ. ಎಷ್ಟು ಮಂದಿಯ ಪರೀಕ್ಷೆ ಆಯಿತು, ಎಷ್ಟು ಮಂದಿ ಚಿಕಿತ್ಸೆ ಮುಗಿಸಿದರು ಎಂಬ ಲೆಕ್ಕವನ್ನು, ಹೆಸರು ಹಾಕದೆ, ಹಾಲಿನ ದರ ಬರೆಯುವ ಅದೇ ಕರಿಹಲಗೆಯ ಮೇಲೆ ಪ್ರತಿ ತಿಂಗಳು ಬರೆಯಲಿ. ಈ ಮೂರೂ ಕಡೆಯ ಅಧಿಕಾರಿಗಳು ಇದನ್ನು ಯಾವ ತಿಂಗಳು, ಯಾವ ಸಂಘದಿಂದ ಶುರು ಮಾಡುತ್ತೇವೆ ಎಂದು ಜನರ ಮುಂದೆ ಬಂದು ಹೇಳಬೇಕು.